ವಕೀಲ: ಪದದೊಳಗಿನ ಹೊಣೆ

ಮಂಗಳೂರಿನ ಕೊಡಿಯಾಲ್‌ಬೈಲ್‌ನ ನ್ಯಾಯಾಲಯದ ಆಸುಪಾಸಿನಲ್ಲಿ ದಿನವಿಡೀ ಕೇಳಿಬರುವ ಪದ 'ವಕೀಲ'. ಕನ್ನಡದ್ದೇ ಎನ್ನುವಷ್ಟು ಅದು ನಮ್ಮದಾಗಿಬಿಟ್ಟಿದೆ. ಮೂಲ ಮಾತ್ರ ಅರಬಿ. ತನ್ನ ಕೆಲಸವನ್ನು ಇನ್ನೊಬ್ಬರಿಗೆ ವಹಿಸಿಕೊಡುವುದು ಎಂಬರ್ಥದ ಧಾತುವಿನಿಂದ ಅದು ಹುಟ್ಟಿದೆ. ದೇವನ ಮೇಲೆ ಭರವಸೆಯಿಡುವ 'ತವಕ್ಕುಲ್' ಕೂಡ ಅದೇ ಧಾತುವಿನದು. 'ಅಲ್ ವಕೀಲ್' ಅಲ್ಲಾಹನ ನಾಮಗಳಲ್ಲೊಂದು.

ತುರ್ಕಿ ಭಾಷೆಯಲ್ಲಿ 'ವೆಕಿಲ್' ಎಂದರೆ ಪ್ರತಿನಿಧಿ. ಅಲ್ಲಿ ಸಂಸದನನ್ನು 'ಮಿಲ್ಲೆತ್‌ವೆಕಿಲಿ', ಅಂದರೆ ಜನತೆಯ ವಕೀಲ ಎನ್ನುತ್ತಾರೆ. 18ನೇ ಶತಮಾನದಲ್ಲಿ ಪರ್ಷಿಯಾವನ್ನಾಳಿದ ಕರೀಂ ಖಾನ್ ಝಂದ್ 'ಶಾಹ್' ಎಂಬ ಪದವಿ ಧರಿಸದೆ 'ವಕೀಲ್' ಎಂದೇ ಕರೆಸಿಕೊಂಡ. ಶೀರಾಝ್ ನಗರದ ವಕೀಲ್ ಮಸೀದಿ, ವಕೀಲ್ ಬಝಾರ್‌ಗಳ ಹೆಸರು ಅವನಿಂದಲೇ ಬಂದದ್ದು. ನಮ್ಮ ನಾಡಿನಲ್ಲಿ ಟಿಪ್ಪು ಸುಲ್ತಾನನ ರಾಯಭಾರಿಗಳೂ ವಕೀಲರೇ. 1792ರಲ್ಲಿ ಸುಲ್ತಾನನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಳುಗಳಾಗಿ ಕಾರ್ನ್‌ವಾಲಿಸನಿಗೆ ಒಪ್ಪಿಸಿದ್ದು ವಕೀಲ ಗುಲಾಂ ಅಲಿ ಖಾನ್. ಎಲ್ಲೆಡೆಯೂ ವಕೀಲನೆಂದರೆ ಇನ್ನೊಬ್ಬರ ವಿಶ್ವಾಸವನ್ನು ಹೊತ್ತವನು.

ಆದರೆ ಈ ವಿಶ್ವಾಸಕ್ಕೆ ಮಿತಿ ಇಲ್ಲವೇ? ನನ್ನನ್ನು ನಂಬಿದವನು ತಪ್ಪಿತಸ್ಥನಾದರೆ ನಾನೇನು ಮಾಡಬೇಕು?

ಕುರ್‌ಆನ್ ವ್ಯಾಖ್ಯಾನಕಾರರು ಮದೀನಾದ ಒಂದು ಘಟನೆಯನ್ನು ಹೇಳುತ್ತಾರೆ. ಮುಸ್ಲಿಮರ ಗುಂಪಿಗೆ ಸೇರಿದವನೊಬ್ಬ ಕಳವು ಮಾಡಿ, ಆರೋಪವನ್ನು ಒಬ್ಬ ಯಹೂದಿಯ ಮೇಲೆ ಹೊರಿಸಿದ. ಕಳ್ಳನ ಕುಲದವರು ಪ್ರವಾದಿಯವರ(ಸ) ಬಳಿ ಬಂದು ತಮ್ಮವನ ಪರವಾಗಿ ವಾದಿಸಿದರು. ಆಗ ಅವತೀರ್ಣವಾದ 'ಅನ್ನಿಸಾ' ಅಧ್ಯಾಯದ ವಚನಗಳು ಯಹೂದಿಯನ್ನು ನಿರಪರಾಧಿಯೆಂದು ಸಾರಿದವು. ಲೋಕದಲ್ಲಿ ವಂಚಕರ ಪರ ವಾದಿಸಿದಿರಿ, ಅಂತ್ಯದಿನದಂದು ಅವರಿಗೆ ವಕೀಲನಾಗುವವನು ಯಾರು ಎಂಬುದು 109ನೇ ವಚನದ ಪ್ರಶ್ನೆ. ಅಲ್ಲಿರುವುದೂ ಇದೇ ಪದ!

ಹಾಗೆಂದು ಆರೋಪಿಗೆ ವಕೀಲ ಬೇಡವೆಂದಲ್ಲ. ಸಂವಿಧಾನದ 22ನೇ ವಿಧಿ ಬಂಧಿತನಿಗೆ ಆ ಹಕ್ಕನ್ನು ಕೊಟ್ಟಿದೆ. ಆರೋಪಿಯ ಮಾತು ನ್ಯಾಯಪೀಠಕ್ಕೆ ತಲುಪಬೇಕು, ಸಾಕ್ಷ್ಯ ಪರೀಕ್ಷೆಗೊಳಗಾಗಬೇಕು. ಅದಿಲ್ಲದೆ ನಿರಪರಾಧಿಗೂ ರಕ್ಷಣೆಯಿಲ್ಲ. ಆದರೆ ಸುಳ್ಳೆಂದು ತಿಳಿದೂ ಅದನ್ನು ಸತ್ಯವೆಂದು ಸಾಧಿಸುವುದು ಬೇರೆ. ವಾಕ್ಚಾತುರ್ಯದಿಂದ ಇನ್ನೊಬ್ಬನ ಹಕ್ಕನ್ನು ಗೆದ್ದವನು ಬೆಂಕಿಯ ತುಂಡನ್ನು ಪಡೆದಂತೆ ಎಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ. ತೀರ್ಪು ನಮ್ಮ ಪರವಾಗಿ ಬಂದ ಮಾತ್ರಕ್ಕೆ ಅನ್ಯಾಯವು ನ್ಯಾಯವಾಗದು.

ಕಪ್ಪು ಕೋಟು ಧರಿಸದ ನಾವೂ ದಿನನಿತ್ಯ ವಕಾಲತ್ತು ವಹಿಸುತ್ತೇವೆ. ಮಗನ ಪರ, ಪಕ್ಷದ ಪರ, ಸಮುದಾಯದ ಪರ. ಕರಾವಳಿಯಲ್ಲಿ ಒಂದು ಅಹಿತಕರ ಘಟನೆ ನಡೆದರೆ ಸಾಕು, ನಡೆದುದೇನು ಎಂಬುದಕ್ಕಿಂತ ಮೊದಲು 'ಅವನು ಯಾರವನು?' ಎಂಬ ಪ್ರಶ್ನೆ ಏಳುತ್ತದೆ. ಉತ್ತರ ಸಿಕ್ಕಿದೊಡನೆ ಎರಡೂ ಕಡೆ ವಕೀಲರು ಸಿದ್ಧ. ಅನ್ಯಾಯಕ್ಕೊಳಗಾದವನು ನಮ್ಮವನಲ್ಲದಿರುವಾಗ ಅವನ ವಕಾಲತ್ತು ವಹಿಸುವವರು ಯಾರು? ಮದೀನಾದಲ್ಲಿ ಆ ಯಹೂದಿಯ ಪರವಾಗಿ ದಿವ್ಯವಾಣಿಯೇ ಮಾತನಾಡಿತು. ಅದನ್ನು ಓದುವ ನಾವು ಮೌನವಾಗಿದ್ದರೆ ಹೇಗೆ?