ತಮ್ಮದಲ್ಲದ ದಾನ

1964ರಲ್ಲಿ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟೆ ಮುಗಿದಾಗ ನಮ್ಮಜ್ಜಿಯ ತೋಟ, ಗದ್ದೆ, ಮನೆ ಎಲ್ಲ ಮುಳುಗಿದವು. ನಾಡಿಗೆ ಬೆಳಕು ಬೇಕು, ನೀವು ತ್ಯಾಗ ಮಾಡಿ ಎಂದಿದ್ದರಂತೆ. "ನಾನೆಲ್ಲಿ ಕೊಟ್ಟೆ? ಅವರು ತಗಂಡ್ರು" ಎನ್ನುತ್ತಿದ್ದಳು ಅಜ್ಜಿ. ಹಾಗೆ ಎದ್ದು ಬಂದ ಎಷ್ಟೋ ಕುಟುಂಬಗಳಿಗೆ ಇವತ್ತಿಗೂ ಹಕ್ಕುಪತ್ರವಿಲ್ಲ.

ಈಗ ಅದೇ ಶರಾವತಿ ಕಣಿವೆಯಲ್ಲಿ 2000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ. ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಲಕಳಲೆ ಜಲಾಶಯಕ್ಕೆ ಎತ್ತುವುದು, ಬೇಡಿಕೆ ಏರಿದಾಗ ಕೆಳಗೆ ಬಿಟ್ಟು ವಿದ್ಯುತ್ತು ತೆಗೆಯುವುದು. ಬಿಸಿಲು, ಗಾಳಿಯ ವಿದ್ಯುತ್ತನ್ನು ಎಲ್ಲಾದರೂ ಕೂಡಿಡಬೇಕಲ್ಲ ಎಂಬ ವಾದ ಸುಳ್ಳಲ್ಲ. ಆದರೆ ಅದಕ್ಕಾಗಿ ಕಡಿಯಬೇಕಾದ ಕಾಡು 2019ರಲ್ಲಿ ಘೋಷಣೆಯಾದ ಸಿಂಗಳೀಕ ಅಭಯಾರಣ್ಯಕ್ಕೆ ಸೇರಿದೆ.

ಗೇರುಸೊಪ್ಪೆ ಘಾಟಿಯಲ್ಲಿ, ಉಪ್ಪಾಗೆ ಹಣ್ಣಾಗುವ ಕಾಲದಲ್ಲಿ, ಈ ಮಂಗಗಳ ಒಂದು ಹಿಂಡನ್ನು ನೋಡಿದ್ದೇನೆ. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ. ಹೊಟ್ಟೆಗೆ ಮರಿ ಅಂಟಿಸಿಕೊಂಡ ತಾಯಿಯೊಂದು ರಸ್ತೆಯಂಚಿನ ಕೊಂಬೆಯ ತುದಿಗೆ ಬಂದು, ಆಚೆಯ ಮರದ ದೂರ ನೋಡಿ ಹಿಂದೆ ಸರಿಯಿತು. ಮತ್ತೆ ಬಂತು, ಮತ್ತೆ ಸರಿಯಿತು. ಹಾರಲಿಲ್ಲ. ಸಿಂಗಳೀಕ ನೆಲಕ್ಕಿಳಿಯುವುದು ಅಪರೂಪ. ಕೊಂಬೆಗೆ ಕೊಂಬೆ ಕೂಡದ ಕಡೆ ಅದರ ದಾರಿ ನಿಂತುಹೋಗುತ್ತದೆ.

1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲೇ ಅದರ ಹೆಸರಿದೆ. ಒಂದನ್ನು ಬೇಟೆಯಾಡಿದರೆ ಕನಿಷ್ಠ 3 ವರ್ಷ ಜೈಲು. ಹಿಂಡಿನ ಕಾಡಿಗೇ ಕೊಡಲಿ ಹಾಕುವುದಾದರೆ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಒಪ್ಪಿಗೆ ಕೇಳಬಹುದು! ಅಷ್ಟು ತಡೆಯಾದರೂ ಇರುವುದು ಕಾಯ್ದೆಯಿಂದಲೇ, ಅದಕ್ಕೆ ನಾನು ಋಣಿ. ಧರ್ಮದ ಪ್ರಶ್ನೆ ಮಾತ್ರ ಒಪ್ಪಿಗೆ ಸಿಕ್ಕರೂ ಉಳಿಯುತ್ತದೆ. ಭಾಗವತದ ನೃಗರಾಜ ಬೇರೆಯವರ ಹಸುವನ್ನು ತಿಳಿಯದೆ ದಾನ ಕೊಟ್ಟು, ಓತಿಕ್ಯಾತನಾಗಿ ಬಾವಿಯಲ್ಲಿ ಬಿದ್ದಿದ್ದ. ನಾವು ತಿಳಿದೇ ಕೊಡಹೊರಟಿದ್ದೇವೆ. ಕಾಡು ಸರ್ಕಾರದ್ದು ಎಂದು ದಾಖಲೆ ಹೇಳಬಹುದು. ಸಿಂಗಳೀಕದ ಬದುಕು ಯಾವ ಸರ್ಕಾರದ ಆಸ್ತಿಯೂ ಅಲ್ಲ.

ಮನುಷ್ಯರಿಗೇ ನ್ಯಾಯ ಸಿಕ್ಕಿಲ್ಲ, ಮಂಗನ ಮಾತೇಕೆ ಎಂದು ನಮ್ಮೂರಲ್ಲೇ ಕೇಳುತ್ತಾರೆ. ಅವರ ಸಂಕಟ ನನ್ನ ಮನೆಯದೂ ಹೌದು. ಆದರೆ ಕೇಳದೆ ಕಿತ್ತುಕೊಂಡಾಗ ಆಗುವ ನೋವನ್ನು ಕಂಡವರು ನಾವು. ಅದನ್ನೇ ಇನ್ನೊಂದು ಜೀವಕ್ಕೆ ಮಾಡಲು ಹೇಗೆ ಒಪ್ಪುವುದು? ಹಕ್ಕುಪತ್ರವೂ ಬರಲಿ, ಯೋಜನೆಯೂ ನಿಲ್ಲಲಿ. ವಿದ್ಯುತ್ತು ಕೂಡಿಡಲು ಬ್ಯಾಟರಿಯಂಥ ಬೇರೆ ದಾರಿಗಳಿವೆ. ಅವು ದುಬಾರಿಯಾದರೆ ಹೆಚ್ಚಿನ ದುಡ್ಡನ್ನು ನನ್ನ ಕರೆಂಟ್ ಬಿಲ್ಲಿಗೆ ಸೇರಿಸಲಿ, ಕಟ್ಟುತ್ತೇನೆ.