ನೋಡುವುದೆಂದರೇನು?

ಎರಡು ದಿನದ ರಜೆಗೆ ಮನೆಮಂದಿಯೊಡನೆ ಬಂದರು ಪಟ್ಟಣ ಕೊಚ್ಚಿಗೆ ಹೊರಟಿದ್ದೀರಾ? ಚೀನೀ ಬಲೆಗಳು, ಮಟ್ಟಾಂಚೇರಿ ಅರಮನೆ, ಸಾಂತಾಕ್ರೂಜ್ ಬೆಸಿಲಿಕಾ ಎಂದು ಪಟ್ಟಿ ಬೆಳೆಯುತ್ತದೆ. ಬೆಸಿಲಿಕಾದ ಮುಂದೆ 'ಹತ್ತು ನಿಮಿಷ' ಎಂದು ಬರೆಯುವ ಮುನ್ನ ಒಂದು ಮಾತು.

ಅಲ್ಲಿನ ಚಿತ್ರಗಳನ್ನು ಬರೆದವರು ಯೇಸುಸಭೆಯ ಸಹೋದರ ಅಂತೋನಿಯೊ ಮೊಸ್ಕೇನಿ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲನ್ನು ಚಿತ್ರಗಳಿಂದ ತುಂಬಿದವರೂ ಇವರೇ. 1905ರ ನವೆಂಬರಿನಲ್ಲಿ, ಬೆಸಿಲಿಕಾದ ಪ್ರತಿಷ್ಠೆಗೆ ಕೆಲವೇ ದಿನಗಳಿರುವಾಗ ತೀರಿಕೊಂಡರು. ತಾವು ಸಿಂಗರಿಸಿದ ದೇವಾಲಯದ ಮೊದಲ ಸಂಭ್ರಮವನ್ನು ಅವರು ಕಾಣಲಿಲ್ಲ.

ಕಾಣುವ ಭಾಗ್ಯ ನಮಗಿದೆ. ಆದರೆ ಫೋಟೋ ತೆಗೆದು ಮುಂದಕ್ಕೆ ಓಡಿದರೆ ಕಂಡಂತಾಯಿತೇ? ಒಬ್ಬರ ದುಡಿಮೆಯನ್ನು ನೋಡುವುದೆಂದರೆ ಅದಕ್ಕೆ ನಮ್ಮ ಸಮಯವನ್ನು ಕೊಡುವುದು. ಆದ್ದರಿಂದ ಪಟ್ಟಿಯಿಂದ ಒಂದು ಸ್ಥಳ ಬಿಡಿ. ಆ ಚಿತ್ರಗಳೆದುರು ಮಕ್ಕಳೊಡನೆ ಅರ್ಧ ಗಂಟೆ ಕುಳಿತು, ಆ ಸಹೋದರನಿಗಾಗಿ ಪ್ರಾರ್ಥಿಸಿ ಬನ್ನಿ.