ಯಾರ ಖರ್ಚು, ಯಾರ ಲೆಕ್ಕ?

“ಗಂಡ ಹೆಂಡತಿಯ ನಡುವೆ ನಿನ್ನದು ನನ್ನದು ಎಂಬುದೇನಿದೆ?” ಎಂಬ ಮಾತನ್ನು ನಾವು ಆಗಾಗ ಆಡುತ್ತೇವೆ. ಪ್ರೀತಿಯ ಮಾತೇನೋ ಹೌದು. ಆದರೆ ಲೆಕ್ಕ ಬರೆಯುವಾಗ ಇದೇ ಮಾತು ಸುಳ್ಳಿಗೆ ಮುಸುಕಾಗಬಾರದು.

ಒಂದು ಉದಾಹರಣೆ ನೋಡೋಣ. ನೆಲೋಗಿಯಲ್ಲೊಂದು ಕುಟುಂಬವಿದೆ ಎಂದು ಭಾವಿಸಿರಿ. ಪತಿ ಸರಕಾರಿ ನೌಕರ, ಪತ್ನಿ ಖಾಸಗಿ ಶಾಲೆಯ ಶಿಕ್ಷಕಿ. ನಮ್ಮ ದೇಶದಲ್ಲಿ ದಂಪತಿಗಳಿಗೆ ಜಂಟಿ ರಿಟರ್ನ್ ಇಲ್ಲ. ಇಬ್ಬರೂ ಬೇರೆ ಬೇರೆ ಸಲ್ಲಿಸುತ್ತಾರೆ. ಇಬ್ಬರು ಮಕ್ಕಳ ಬೋಧನಾ ಶುಲ್ಕ 60,000 ರೂಪಾಯಿ. ತಾಯಿ 40,000, ತಂದೆ 20,000 ಕಟ್ಟಿದ್ದಾರೆ. ಭವಿಷ್ಯನಿಧಿ ಮುಂತಾದವುಗಳೊಡನೆ ಒಟ್ಟು 1,50,000 ರೂಪಾಯಿಯ ಮಿತಿಯೊಳಗೆ ಈ ಶುಲ್ಕಕ್ಕೂ ವಿನಾಯಿತಿ ಉಂಟು. ಆದರೆ ಅದು ಕಟ್ಟಿದವರಿಗೆ ಮಾತ್ರ.

ಹೊಸ ತೆರಿಗೆ ಪದ್ಧತಿ ಬರುವ ಮುಂಚಿನ 2019-20ನೇ ಸಾಲನ್ನೇ ತೆಗೆದುಕೊಳ್ಳೋಣ. ಪತ್ನಿಯ ಆದಾಯ 5 ಲಕ್ಷದೊಳಗಿದ್ದುದರಿಂದ ಆಕೆಗೆ ತೆರಿಗೆ ಇಲ್ಲ. ಪತಿಯ ಮೇಲಣ ದರ ಶೇಕಡಾ 20. ಆಕೆಯ ರಸೀದಿಯನ್ನೂ ತನ್ನದೆಂದು ತೋರಿಸಿದರೆ ಅವನಿಗೆ 8,000 ರೂಪಾಯಿ ಉಳಿಯುತ್ತದೆ. “ಅವಳಿಗೆ ಬೇಡವಾದ ರಸೀದಿ, ಅವಳೂ ಒಪ್ಪಿದ್ದಾಳೆ, ತಪ್ಪೇನು?” ಎಂದು ಅವನು ಕೇಳಬಹುದು.

ಪತ್ನಿಗೆ ತನ್ನ ಹಕ್ಕನ್ನು ಬಿಟ್ಟುಕೊಡುವ ಅಧಿಕಾರವಿದೆ. ಆದರೆ ಸುಳ್ಳು ಸಾಕ್ಷ್ಯಕ್ಕೆ ಅನುಮತಿ ಕೊಡುವ ಅಧಿಕಾರ ಯಾರಿಗೂ ಇಲ್ಲ. ರಿಟರ್ನ್ ಎಂದರೆ, ಇದರಲ್ಲಿರುವುದೆಲ್ಲ ಸತ್ಯವೆಂದು ನಾವು ದೃಢೀಕರಿಸಿ ಕೊಡುವ ಸಾಕ್ಷ್ಯವೇ ಆಗಿದೆ.

ಇನ್ನೊಂದು ವಿಷಯವೂ ಇದೆ. ಪುರುಷನ ಗಳಿಕೆಯಲ್ಲಿ ಪುರುಷನಿಗೆ, ಸ್ತ್ರೀಯ ಗಳಿಕೆಯಲ್ಲಿ ಸ್ತ್ರೀಗೆ ಪಾಲಿದೆ ಎಂದು ಪವಿತ್ರ ಕುರ್‌ಆನ್ ಅನ್ನಿಸಾ ಅಧ್ಯಾಯದಲ್ಲಿ ತಿಳಿಸಿದೆ. ಮಕ್ಕಳ ಪೋಷಣೆಯ ಹೊಣೆ ತಂದೆಯದು. ಹೀಗಿರುವಾಗ ತಾಯಿ ಕೊಟ್ಟದ್ದು ಅವಳ ಔದಾರ್ಯ. ಅಬ್ದುಲ್ಲಾ ಇಬ್ನು ಮಸ್‌ಊದ್(ರ)ರ ಪತ್ನಿ ಝೈನಬ್(ರ), ಪತಿಗೂ ತಮ್ಮ ಆಶ್ರಯದಲ್ಲಿದ್ದ ಅನಾಥರಿಗೂ ತಾವು ಮಾಡುವ ಖರ್ಚು ದಾನವಾಗುವುದೇ ಎಂದು ಬಿಲಾಲ್(ರ)ರ ಮೂಲಕ ಪ್ರವಾದಿವರ್ಯ(ಸ)ರಲ್ಲಿ ಕೇಳಿಸಿದ ಘಟನೆ ಸಹೀಹ್ ಬುಖಾರಿಯಲ್ಲಿದೆ. ಆಕೆಗೆ ಸಂಬಂಧ ಪಾಲನೆಯದೊಂದು, ದಾನದ್ದೊಂದು, ಹೀಗೆ ಎರಡು ಪ್ರತಿಫಲವಿದೆ ಎಂದು ಅವರು ತಿಳಿಸಿದರು. ಒಂದೇ ಮನೆಯಾದರೂ ಆಕೆಯ ಖರ್ಚು ಆಕೆಯ ಹೆಸರಿನಲ್ಲಿಯೇ ದಾಖಲಾಯಿತು. ಅಲ್ಲಾಹನ ಬಳಿ ಆಕೆಯದಾದುದನ್ನು ಕಾಗದದ ಮೇಲೆ ತನ್ನದೆಂದು ಬರೆದುಕೊಳ್ಳುವುದು ಪತಿಗೆ ಭೂಷಣವೇ?

ಹಾಗೆಂದು ತೆರಿಗೆ ಉಳಿಸುವುದೇ ತಪ್ಪಲ್ಲ. ಮುಂದಿನ ವರ್ಷದ ಶುಲ್ಕವನ್ನೆಲ್ಲ ತಂದೆಯೇ ಕಟ್ಟಲಿ. ಹೊಣೆಯೂ ಅವನದೇ, ವಿನಾಯಿತಿಯೂ ಅವನದೇ. ಕಟ್ಟುವ ಮೊದಲು ಕೂಡಿ ಹಂಚಿಕೊಂಡರೆ ಅದು ಸಮಾಲೋಚನೆ. ಕಟ್ಟಿದ ನಂತರ ಹೆಸರು ಬದಲಿಸಿದರೆ ಅದು ಸುಳ್ಳು. ಒಂದೇ ರಸೀದಿಯನ್ನು ಇಬ್ಬರೂ ತಮ್ಮ ತಮ್ಮ ಕಚೇರಿಗೆ ಕೊಡುವುದಂತೂ ಸ್ಪಷ್ಟ ವಂಚನೆ.

2023-24ರಿಂದ ಹೊಸ ಪದ್ಧತಿಯೇ ಸಾಮಾನ್ಯ ನಿಯಮವಾಗಿದೆ, ಅದರಲ್ಲಿ ಈ ವಿನಾಯಿತಿ ಇಲ್ಲ. ಹಳೆಯದನ್ನು ಆರಿಸಿಕೊಂಡವರಿಗೆ ಮಾತ್ರ ಉಳಿದಿದೆ. ಸರಕಾರದ ಲೆಕ್ಕ ಬದಲಾಗುತ್ತಿರುತ್ತದೆ. ನಾವು ಕೊನೆಗೆ ಒಪ್ಪಿಸಬೇಕಾದ ಲೆಕ್ಕದಲ್ಲಿ ಮಾತ್ರ ಪ್ರತಿಯೊಬ್ಬನ ಖರ್ಚೂ ಅವನವನ ಹೆಸರಿನಲ್ಲಿಯೇ ಇರುವುದು.